ರಜೆ ಹಾಕುವುದೋ, ಸೂಟಿ ತೆಗೆದುಕೊಳ್ಳುವುದೋ?

ಪ್ರಶ್ನೆ: ಬೆಂಗಳೂರಿನ ನಮ್ಮ ಕಚೇರಿಗೆ ಬರಲಾಗದ ದಿನ ನಾನು ‘ಇವತ್ತು ರಜಾ ಹಾಕಿದೀನಿ’ ಎಂದರೆ, ಧಾರವಾಡದ ಸಹೋದ್ಯೋಗಿ ‘ಇವತ್ತ ಸೂಟಿ ತಗೊಂಡೀನ್ರಿ’ ಎನ್ನುತ್ತಾರೆ, ಮಂಗಳೂರಿನವರು ‘ರಜೆ ಮಾಡಿದ್ದೇನೆ’ ಎನ್ನುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಮೂರೂ ಸರಿ. ‘ಸೂಟಿ’ ಮರಾಠಿಯಿಂದ ಬಂದ ಪದ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡದ ಶಾಲೆ, ಕಚೇರಿಗಳ ಮಾತಿನಲ್ಲಿ ಅದು ನೆಲೆಯೂರಿದ್ದು ಸಹಜವೇ. ‘ರಜೆ’ ಕೂಡ ಅಚ್ಚಗನ್ನಡವಲ್ಲ. ಒಪ್ಪಿಗೆ ಎಂಬರ್ಥದ ಅರಬ್ಬಿ ಪದವೊಂದು ಅದರ ಮೂಲವಾಗಿದ್ದು, ಅಪ್ಪಣೆ ಕೇಳುವ ವಿನಯ ಆ ಪದದೊಳಗೇ ಉಳಿದಿರುವುದು ನನಗಂತೂ ಬಹಳ ಪ್ರಿಯ. ಬೆಂಗಳೂರಿನ ‘ಹಾಕು’ ಅರ್ಜಿ ಹಾಕುವ ರೂಢಿಯಿಂದ ಬಂದಿರಬೇಕು. ‘ರಜೆ ಮಾಡಿದ್ದೇನೆ’ ಎಂದವರು ಹೇಳದೆ ಕೇಳದೆ ತಪ್ಪಿಸಿಕೊಂಡರೆಂದು ಮೇಲಧಿಕಾರಿಗಳು ಭಾವಿಸಬಾರದು, ಏಕೆಂದರೆ ಕರಾವಳಿಯಲ್ಲಿ ಅದು ನಿತ್ಯದ ಮಾತು. ದಯವಿಟ್ಟು ಅವರನ್ನು ತಿದ್ದಲು ಹೋಗಬೇಡಿ.