ಸ್ಪ್ಯಾಮ್‌ಅಸ್ಯಾಸಿನ್ (ಅನಗತ್ಯ ಮೇಲ್ ಸೋಸುವ ತಂತ್ರಾಂಶ) ಇದ್ದಕ್ಕಿದ್ದಂತೆ ನಿಧಾನವಾದರೆ ಎಲ್ಲಿ ಹುಡುಕಬೇಕು?

ಸಿಪಿಯು ಬಿಡುವಾಗಿದೆ, ಡಿಸ್ಕ್ ಮಾತ್ರ ಒದ್ದಾಡುತ್ತಿದೆ ಅಂದುಕೊಳ್ಳಿ. ಹಾಗಾದರೆ ಸ್ಪ್ಯಾಮ್ ಗುರುತಿಸುವ ನಿಯಮಗಳ ತಂಟೆಗೆ ಹೋಗಬೇಡಿ. ನನ್ನ ಅನುಮಾನ ಬೇಸಿಯನ್ ಡೇಟಾಬೇಸ್ ಮೇಲೆ, ಅಂದರೆ ಹಳೆಯ ಮೇಲ್‌ಗಳಿಂದ ಕಲಿತ ಪದಗಳ ಲೆಕ್ಕ ಇಡುವ ಕಡತದ ಮೇಲೆ. ಬೇಸಿಯನ್ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಒಂದು ಮೇಲ್ ಓಡಿಸಿ. ತಕ್ಷಣ ಮುಗಿದರೆ ಕಳ್ಳ ಸಿಕ್ಕ.

ಕಲಿತ ಟೋಕನ್‌ಗಳು (ಮೇಲ್‌ಗಳಿಂದ ಆಯ್ದ ಪದಗಳು) ಸಾಮಾನ್ಯವಾಗಿ ಬರ್ಕ್ಲಿ ಡಿಬಿ ಎಂಬ ಡೇಟಾಬೇಸ್ ಲೈಬ್ರರಿಯ ಫೈಲಿನಲ್ಲಿರುತ್ತವೆ. ಅದನ್ನು ಓದಿ ಬರೆಯುವ, ಪರ್ಲ್ ಭಾಷೆಯ ಡಿಬಿ‌ ಫೈಲ್ ಮಾಡ್ಯೂಲ್ ಬರ್ಕ್ಲಿ ಡಿಬಿಯ ಹಳೆಯ ಲೈಬ್ರರಿಗೇ ಜೋತುಬಿದ್ದಿದ್ದರೆ ಓದು-ಬರಹ ತೆವಳಬಹುದು. ಹಳೆಯ ಟೋಕನ್ ಅಳಿಸುವಾಗ ಡೇಟಾಬೇಸ್‌ಗೆ ಲಾಕ್ ಬಿದ್ದು ಉಳಿದ ಮೇಲ್‌ಗಳೂ ಕಾಯಬೇಕಾಗಬಹುದು.

ಪರಿಹಾರದಲ್ಲಿ ಕ್ರಮ ಮುಖ್ಯ: ಮೊದಲು ಸ್ಪ್ಯಾಮ್‌ಅಸ್ಯಾಸಿನ್‌ನ ಕಲಿಕೆಯ ಆದೇಶವಾದ ಎಸ್‌ಎ-ಲರ್ನ್‌ನಿಂದ ಬ್ಯಾಕಪ್, ಆಮೇಲೆ ಹೊಸ ಲೈಬ್ರರಿ, ಅದಕ್ಕೆ ಹೊಂದುವಂತೆ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುವುದು, ಕೊನೆಗೆ ರಿಸ್ಟೋರ್. ಆವೃತ್ತಿ ಬದಲಾದರೆ ಹಳೆಯ ಫೈಲ್ ತೆರೆಯದೇ ಹೋಗಬಹುದು, ಬ್ಯಾಕಪ್ ಬಿಡಲೇಬೇಡಿ. ಆಟೋ-ಎಕ್ಸ್‌ಪೈರಿ (ಹಳೆಯ ಟೋಕನ್ ತಾನಾಗಿಯೇ ಅಳಿಸುವುದು) ಆಫ್ ಮಾಡಿ, ಆ ಕೆಲಸವನ್ನು ರಾತ್ರಿ ನಿಗದಿತ ವೇಳೆಗೆ ಓಡುವ ಕ್ರಾನ್‌ಗೆ ಒಪ್ಪಿಸಿ. ಟೋಕನ್ ಮಿತಿ ಡೀಫಾಲ್ಟ್ ಆಗಿ 1,50,000. ಅದನ್ನು ಸುಮ್ಮನೆ ಏರಿಸಬೇಡಿ.