ಪಂಚಾಯಿತಿ ಪ್ರಶ್ನೆ: ನಮ್ಮೂರು ಪಟ್ಟಣ ಪಂಚಾಯಿತಿ ಆದ್ರೆ ನಮಗೇನು?

ಈ ಸಲ ಮೊದಲ ಪ್ರಶ್ನೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇದೇ ಮಾತನ್ನು ಬೇರೆ ಬೇರೆ ತಾಲ್ಲೂಕಿನವರು ಕೇಳಿದ್ದಾರೆ. ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡ್ತಾರಂತೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರಿಗೆ ಖುಷಿ. ನಾವು ಎರಡು ಮೈಲಿ ಆಚೆಯ ಹಳ್ಳಿಯವರು, ರಾಗಿ, ತೆಂಗು ನಂಬಿಕೊಂಡವರು. ನಮ್ಮನ್ನೂ ಸೇರಿಸಿಕೊಂಡಿದ್ದಾರೆ. ಲಾಭವೋ ನಷ್ಟವೋ ಗೊತ್ತಾಗ್ತಿಲ್ಲ. ಬೇಡ ಅನ್ನೋಕೆ ಅವಕಾಶ ಇದೆಯಾ?
(ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಅವಕಾಶ ಇದೆ, ಆದರೆ ಅದಕ್ಕೊಂದು ಹೊತ್ತಿದೆ. ಆ ಹೊತ್ತು ಮೀರಿದ ಮೇಲೆ ತಾಲ್ಲೂಕು ಕಚೇರಿ ಮುಂದೆ ಕೂತರೂ ಏನೂ ಆಗೋದು ಕಷ್ಟ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸುಮ್ನೆ ಬೋರ್ಡ್ ಬದಲಾಯಿಸಿ ಪಟ್ಟಣ ಪಂಚಾಯಿತಿ ಮಾಡೋಕೆ ಬರಲ್ಲ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರಲ್ಲಿ ಮೂರು ಅಳತೆ ಇವೆ. ಜನಸಂಖ್ಯೆ 10,000ದಿಂದ 20,000ದೊಳಗೆ ಇರಬೇಕು. ಚದರ ಕಿಲೋಮೀಟರಿಗೆ ಕಡಿಮೆ ಅಂದ್ರೂ 400 ಜನ ಇರಬೇಕು. ದುಡಿಯುವವರಲ್ಲಿ ಅರ್ಧಕ್ಕಾದರೂ ಬೇಸಾಯ ಬಿಟ್ಟು ಬೇರೆ ಕಸುಬು ಇರಬೇಕು. ಬಹಳ ಕಡೆ ಪೇಟೆಯೊಂದನ್ನೇ ತೆಗೆದುಕೊಂಡರೆ 10,000 ತುಂಬುವುದಿಲ್ಲ. ಆಗ ಸುತ್ತಲಿನ ಹಳ್ಳಿಗಳನ್ನು ಎಳೆದುಕೊಂಡು ತಲೆ ಲೆಕ್ಕ ತುಂಬಿಸುತ್ತಾರೆ. ನಿಮಗೆ ಆಗಿರುವುದೂ ಇದೇ ಇರಬೇಕು ಅನ್ನಿಸುತ್ತೆ. ತಮಾಷೆ ಅಲ್ಲ ಇದು, ಯಾಕಂದ್ರೆ ಹೊಲ, ತೋಟ ಇರುವ ಹಳ್ಳಿ ಸೇರಿದಷ್ಟೂ ಜನಸಂಖ್ಯೆಯ ಲೆಕ್ಕ ಸರಿಹೋಗುತ್ತದೆ, ಆದರೆ ಜನಸಾಂದ್ರತೆ ಇಳಿಯುತ್ತದೆ, ಬೇಸಾಯಗಾರರ ಪಾಲು ಏರುತ್ತದೆ. ನಿಮ್ಮ ಆಕ್ಷೇಪಣೆಗೆ ಗಟ್ಟಿ ನೆಲೆ ಅಂದ್ರೆ ಅದೇ. "ನಮಗೆ ಇಷ್ಟ ಇಲ್ಲ" ಅಂತ ಬರೆದರೆ ಓದಿ ಪಕ್ಕಕ್ಕಿಡುತ್ತಾರೆ. "ನಮ್ಮ ಹಳ್ಳಿಯಲ್ಲಿ ಇಷ್ಟು ಮನೆ, ಇಷ್ಟು ಜನ ಬೇಸಾಯದವರು, ಕೂಲಿಯವರು, ಇಷ್ಟು ಎಕರೆ ಸಾಗುವಳಿ ಜಮೀನು, ಆದ್ದರಿಂದ ಅಳತೆಗೆ ಹೊಂದುವುದಿಲ್ಲ" ಅಂತ ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. 2011ರ ಜನಗಣತಿಯಲ್ಲಿ ಹಳ್ಳಿವಾರು ಅಂಕಿ ಸಿಗುತ್ತದೆ. ದುಡಿಯುವವರಲ್ಲಿ ಸಾಗುವಳಿದಾರರು ಎಷ್ಟು, ಕೃಷಿ ಕೂಲಿ ಎಷ್ಟು ಅಂತ ಅದರಲ್ಲೇ ಬೇರೆ ಬೇರೆ ಕೊಟ್ಟಿದ್ದಾರೆ. ಅದನ್ನೇ ಹಿಡಿದುಕೊಳ್ಳಿ.

ಸರ್ಕಾರ ಮೊದಲು ಕರಡು ಅಧಿಸೂಚನೆಯನ್ನು ರಾಜ್ಯಪತ್ರದಲ್ಲಿ ಹೊರಡಿಸುತ್ತದೆ. ಆಕ್ಷೇಪಣೆಗೆ ಗಡುವು ಅದರಲ್ಲೇ ಇರುತ್ತದೆ. ಅದು ಹೊರಟ ದಿನ ನಿಮ್ಮ ಹಳ್ಳಿಯಲ್ಲಿ ಯಾರಿಗೂ ಗೊತ್ತಾಗಲ್ಲ, ಗೊತ್ತಾಗುವಷ್ಟರಲ್ಲಿ ಗಡುವಿನ ಅರ್ಧ ಕಳೆದಿರುತ್ತದೆ. ಹಾಗಾಗಿ ಈಗಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, ಪ್ರಸ್ತಾವನೆ ಎಲ್ಲಿಯವರೆಗೆ ಹೋಗಿದೆ, ನಮ್ಮ ಪಂಚಾಯಿತಿ ಇದರ ಬಗ್ಗೆ ನಿರ್ಣಯ ಮಾಡಿದೆಯಾ, ಮಾಡಿದ್ದರೆ ನಡವಳಿಯ ಪ್ರತಿ ಕೊಡಿ ಅಂತ ಬರೆದು ಕೇಳಿ. ಮುಂದಿನ ಗ್ರಾಮಸಭೆಯಲ್ಲೂ ನಿಮ್ಮ ಹಳ್ಳಿಯ ಅಭಿಪ್ರಾಯವನ್ನು ನಡವಳಿಯಲ್ಲಿ ಬರೆಸಿ. ಸದಸ್ಯರು "ನಾನು ನೋಡ್ಕೋತೀನಿ" ಅಂದ್ರೆ ಸಂತೋಷ ಅನ್ನಿ, ಆದರೂ ಬರೆಸಿ.

ಇನ್ನು ಲಾಭ, ನಷ್ಟ. ಪೇಟೆಯವರ ಖುಷಿ ಸುಳ್ಳಲ್ಲ. ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ ಬರುತ್ತಾರೆ, ಎಂಜಿನಿಯರ್, ಪೌರಕಾರ್ಮಿಕರು ಬರುತ್ತಾರೆ, ನಗರ ಯೋಜನೆಗಳ ದುಡ್ಡು ಬರುತ್ತದೆ. ಚರಂಡಿ ಉಕ್ಕಿ ಅಂಗಡಿ ಮುಂದೆ ನಿಲ್ಲುವ ಊರಿಗೆ ಇದು ಬೇಕು.

ಆದರೆ ನಿಮ್ಮಂಥ ಹಳ್ಳಿಗೆ ಮೊದಲು ತಟ್ಟುವುದು ಉದ್ಯೋಗ ಖಾತ್ರಿ ನಿಲ್ಲುವುದು. ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಕೃಷಿ ಹೊಂಡ, ಬದು, ದನದ ಕೊಟ್ಟಿಗೆ ಅಂತ ಆ ಲೆಕ್ಕದಲ್ಲಿ ಆಗುತ್ತಿದ್ದ ಕೆಲಸ, ಅದರ ಕೂಲಿ ಎರಡೂ ಹೋಗುತ್ತವೆ. ಕಟ್ಟಡದ ತೆರಿಗೆ ಪುರಸಭೆ ಕಾಯ್ದೆಯ ಪ್ರಕಾರ ಆಗುತ್ತದೆ, ಸಾಮಾನ್ಯವಾಗಿ ಏರುತ್ತದೆ. ಖಾತೆಯ ವ್ಯವಸ್ಥೆಯೂ ಇ-ಸ್ವತ್ತಿನಿಂದ (ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಇ-ಆಸ್ತಿಗೆ (ಪಟ್ಟಣದ ಆಸ್ತಿಗಳ ಆನ್‌ಲೈನ್ ದಾಖಲೆ) ಹೋಗುತ್ತದೆ. ಇದರ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಅಜ್ಜನ ಹೆಸರಲ್ಲೇ ಇರುವ ಮನೆ, ಅಳತೆ ತಪ್ಪಾಗಿರುವ ಜಾಗ ಇದ್ದರೆ ಈಗಲೇ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಫಾರಂ 9, ಫಾರಂ 11 ಸರಿ ಮಾಡಿಸಿಕೊಳ್ಳಿ. ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ಹೊತ್ತಿನಲ್ಲಿ ತಿದ್ದುಪಡಿಗೆ ಅಲೆಯುವುದು ಬೇಡ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಜನರ ದನಿಯ ವಿಷಯದಲ್ಲಿ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯರ ಲೆಕ್ಕ. 12,000 ಜನ ಇದ್ದರೆ 30 ಸದಸ್ಯರು. ಪಟ್ಟಣ ಪಂಚಾಯಿತಿಯಲ್ಲಿ ಒಟ್ಟು ಸದಸ್ಯರು 11ರಿಂದ 20ರೊಳಗೆ. ಅಂದರೆ ಈಗ ನಿಮ್ಮ ಹಳ್ಳಿಗೇ ಅಂತ ಇರುವ ಸದಸ್ಯರು ಮುಂದೆ ಇಲ್ಲದೆ ಹೋಗಬಹುದು, ಪೇಟೆಯ ಒಂದು ವಾರ್ಡಿನ ಬಾಲಕ್ಕೆ ನಿಮ್ಮನ್ನು ಸೇರಿಸಬಹುದು. ಗ್ರಾಮಸಭೆಯೂ ಇರಲ್ಲ. ಈಗ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಅಲ್ಲಿ ಇರುತ್ತದೆ. ಹೊಸ ಚುನಾವಣೆ ಆಗುವ ತನಕ ಆಡಳಿತಾಧಿಕಾರಿ ಕೈಲಿ ಊರು. ಅದು ಎಷ್ಟು ದಿನ ಅಂತ ಯಾರೂ ಬರೆದು ಕೊಡಲ್ಲ. 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಉಳಿದದ್ದನ್ನು ಎಲ್ಲರೂ ನೋಡಿದ್ದೇವೆ.

ನನ್ನ ಅಭಿಪ್ರಾಯ ಕೇಳಿದರೆ, ಪೇಟೆ ಪಟ್ಟಣ ಆಗಲಿ, ನಿಮ್ಮ ಹಳ್ಳಿಯನ್ನು ಬಿಟ್ಟು ಆಗಲಿ. "ಮಾಡಲೇಬೇಡಿ" ಅನ್ನುವುದಕ್ಕಿಂತ "ನಮ್ಮ ಹಳ್ಳಿಯನ್ನು ಕೈಬಿಟ್ಟು, ಪಕ್ಕದ ಗ್ರಾಮ ಪಂಚಾಯಿತಿಗೆ ಸೇರಿಸಿ" ಅಂತ ಕೇಳುವುದು ಒಳ್ಳೆಯದು. ಪೇಟೆಯವರ ಜೊತೆ ಜಗಳವೂ ಆಗಲ್ಲ.

ಪ್ರಶ್ನೆ: ನಲ್ಲಿ ಪೈಪ್ ಹಾಕೋಕೆ ಅಂತ ಹೊಸ ಕಾಂಕ್ರೀಟ್ ರಸ್ತೆ ಅಗೆದರು. ಮಣ್ಣು ಎಳೆದು ಹೋದರು. ಮಳೆಗೆ ಅದೂ ಕುಸಿದು, ಸಾಲಾಗಿ ಗುಂಡಿ ಬಿದ್ದಿದೆ. ಪಂಚಾಯಿತಿಯವರು ಗುತ್ತಿಗೆದಾರರನ್ನು ಕೇಳಿ ಅಂತಾರೆ, ಗುತ್ತಿಗೆದಾರರ ಫೋನ್ ಸ್ವಿಚ್ ಆಫ್.
(ದಾವಣಗೆರೆ ಜಿಲ್ಲೆಯ ಓದುಗರು)

ಉತ್ತರ: ಈ ರಸ್ತೆ ಕಥೆ ಊರೂರಲ್ಲೂ ಇದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನ ಉದ್ದೇಶ ಒಳ್ಳೆಯದು. ಪ್ರತಿ ಮನೆಗೆ ನಲ್ಲಿ, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಆದರೆ ಅಗೆದವರು ಮುಚ್ಚದಿದ್ದರೆ ಆ ನೀರಿನ ಖುಷಿಯೂ ಉಳಿಯಲ್ಲ.

ಹೀಗೆ ಮಾಡಿ. ಸಾಮಾನ್ಯವಾಗಿ ಅಗೆದ ರಸ್ತೆಯನ್ನು ಸರಿಪಡಿಸುವ ಖರ್ಚು ಕಾಮಗಾರಿಯ ಅಂದಾಜು ಪಟ್ಟಿಯಲ್ಲೇ ಸೇರಿರುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್ ಕಚೇರಿಯಲ್ಲಿ ಆ ಪಟ್ಟಿಯ ಪ್ರತಿ ಕೇಳಿ. ಅದರಲ್ಲಿ "ರಸ್ತೆ ಪುನರ್ ನಿರ್ಮಾಣ" ಅಂತ ಒಂದು ಸಾಲು, ಎದುರಿಗೆ ಇಷ್ಟು ಮೀಟರ್, ಇಷ್ಟು ರೂಪಾಯಿ ಅಂತ ಇದ್ದರೆ ಮಾತೇ ಮುಗಿಯಿತು. ಆ ದುಡ್ಡು ಬಿಲ್ ಆಗಿದೆಯಾ ಇಲ್ಲವಾ ಅಂತ ಕೇಳಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕೆಲಸ ಮುಗಿದ ಮೇಲೆ ಯೋಜನೆಯನ್ನು ಗ್ರಾಮ ಪಂಚಾಯಿತಿಗೆ ಹಸ್ತಾಂತರ ಮಾಡುತ್ತಾರೆ. ಒಮ್ಮೆ ಪಂಚಾಯಿತಿ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡರೆ, ಆಮೇಲೆ ಸೋರುವ ಪೈಪು, ಸುಟ್ಟ ಮೋಟಾರು, ಕಿತ್ತ ರಸ್ತೆ ಎಲ್ಲಾ ಪಂಚಾಯಿತಿ ತಲೆ ಮೇಲೆ. ಅದಕ್ಕೇ, ರಸ್ತೆ ಸರಿ ಮಾಡದೆ, ಕೊನೆ ಮನೆಗೂ ನೀರು ಬರುವುದನ್ನು ನೋಡದೆ ಹಸ್ತಾಂತರ ಒಪ್ಪಬೇಡಿ ಅಂತ ಊರಿನವರು ಸಹಿ ಹಾಕಿ ಪಂಚಾಯಿತಿಗೆ ಕೊಡಿ. ನೀರುಗಂಟಿಯನ್ನು ಜೊತೆಗೆ ಕರೆದುಕೊಂಡು ಬೀದಿ ಬೀದಿ ನೋಡಿ ಬರೆಯಿರಿ. ಯಾವ ವಾಲ್ವ್ ತಿರುಗಲ್ಲ, ಯಾವ ಓಣಿಗೆ ಒತ್ತಡ ಸಾಲದು ಅನ್ನೋದು ಅವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರಲ್ಲ.

ಪ್ರಶ್ನೆ: ನಮ್ಮಲ್ಲಿ ಗ್ರಾಮಸಭೆ ಆಯ್ತಂತೆ! ಯಾರಿಗೂ ಹೇಳಿಲ್ಲ. ಆಮೇಲೆ ಬಿಲ್ ಕಲೆಕ್ಟರ್ ಮನೆ ಮನೆಗೆ ಪುಸ್ತಕ ತಂದು ಸಹಿ ಹಾಕಿಸಿಕೊಂಡರು. ಅಮ್ಮ ತೆರಿಗೆ ರಸೀದಿಗೆ ಅಂದುಕೊಂಡು ಹೆಬ್ಬೆಟ್ಟು ಒತ್ತಿದ್ದಾರೆ.
(ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಓದಿ ನಿಜಕ್ಕೂ ಬೇಜಾರಾಯಿತು. ಆ ಹೆಬ್ಬೆಟ್ಟಿನ ಮೇಲೆ ಮನೆ ಹಂಚಿಕೆಯ ಪಟ್ಟಿ ಪಾಸಾಗಿರಬಹುದು. ಮನೆ ಇಲ್ಲದವರು ಯಾರು ಅಂತ ಜನರ ಮುಂದೆ ಓದಿ, ಜನರೇ ಹೌದು, ಅಲ್ಲ ಅನ್ನಬೇಕಾದ ಪಟ್ಟಿ ಅದು.

ಗ್ರಾಮಸಭೆ ಕಡಿಮೆ ಅಂದ್ರೂ ಆರು ತಿಂಗಳಿಗೊಮ್ಮೆ ನಡೆಯಬೇಕು. ಮುಂಚೆಯೇ ತಿಳಿಸಬೇಕು, ನೋಡಲ್ ಅಧಿಕಾರಿ ಬರಬೇಕು, ಕೋರಂ (ಸಭೆ ನಡೆಯಲು ಬೇಕಾದಷ್ಟು ಜನ) ಇರಬೇಕು. ನೀವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯ ಕೇಳಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ, ಊರಿನ ಎಲ್ಲಾ ದೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿ ಕಳಿಸಿ ವಾಪಸ್ ತರಿಸಿಕೊಳ್ಳುತ್ತಾರೆ. "ಇಂಥ ದಿನಾಂಕದ ಗ್ರಾಮಸಭೆಯ ನೋಟಿಸ್, ಹಾಜರಿ ಪುಟಗಳು, ನಡವಳಿ, ಫೋಟೊ" ಇಷ್ಟೇ ಕೇಳಿ. 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಪ್ರತಿ ಕೈಗೆ ಬಂದ ಮೇಲೆ ಹಾಜರಿ ಪುಟ ನಿಧಾನವಾಗಿ ನೋಡಿ. ಊರಲ್ಲಿಲ್ಲದೆ ಬೆಂಗಳೂರಲ್ಲಿ ದುಡಿಯುವವರ ಸಹಿ, ತೀರಿಕೊಂಡವರ ಹೆಸರು, ಒಂದೇ ಕೈಬರಹದ ಸಾಲುಗಳು ಇವೆಯಾ ಅಂತ ಗುರುತು ಹಾಕಿ. ಅಮ್ಮನಿಂದ ಒಂದು ಹೇಳಿಕೆ ಬರೆಸಿ. ಎರಡನ್ನೂ ಸೇರಿಸಿ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ದೂರು ಕೊಡಿ, ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೂ ಒಂದು ಪ್ರತಿ ಕಳಿಸಿ. ಸ್ವೀಕೃತಿಗೆ ಸೀಲು, ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಿಲ್ ಕಲೆಕ್ಟರ್ ಒಬ್ಬರ ಮೇಲೇ ಸಿಟ್ಟು ಮಾಡಬೇಡಿ. ಅವರನ್ನು ಯಾರೋ ಕಳಿಸಿರುತ್ತಾರೆ ಅಲ್ವಾ?

ಪ್ರಶ್ನೆ: ನಮ್ಮ ಅಧ್ಯಕ್ಷೆಯವರ ಗಂಡ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಅವರೇ ಮಾತಾಡ್ತಾರೆ. ಇದು ಸರಿನಾ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಸರಿಯಲ್ಲ. ಸದಸ್ಯರಲ್ಲದವರು ಪಂಚಾಯಿತಿ ಸಭೆಯ ತೀರ್ಮಾನದಲ್ಲಿ ಬಾಯಿ ಹಾಕುವಂತಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಇಟ್ಟಿರುವುದು ಅವರೇ ಆಳಲಿ ಅಂತ. ಸಭೆಗೆ ಮೊದಲು ಅಧ್ಯಕ್ಷೆಯವರನ್ನು ಭೇಟಿ ಮಾಡಿ ಗೌರವದಿಂದ ಹೇಳಿ, "ಅಕ್ಕ, ನಿಮ್ಮ ಬಾಯಿಂದಲೇ ಉತ್ತರ ಬೇಕು" ಅಂತ. ಊರಿನ ಹೆಂಗಸರು ಮೂರು ನಾಲ್ಕು ಜನ ಜೊತೆಗಿದ್ದರೆ ಅವರಿಗೂ ಧೈರ್ಯ. ಆದರೂ ನಿಲ್ಲದಿದ್ದರೆ ಪಿಡಿಒಗೆ ಲಿಖಿತವಾಗಿ ಕೊಡಿ.

ಪ್ರಶ್ನೆ: ಶಾಲೆ ಹಿಂದಿನ ಗೋಮಾಳದಲ್ಲಿ ಕಸದ ಘಟಕ ಮಾಡ್ತಾರಂತೆ. ವಾಸನೆ, ನಾಯಿ, ನೊಣ! ಹೇಗೆ ತಡೆಯೋದು?
(ಉತ್ತರ ಕನ್ನಡ ಜಿಲ್ಲೆಯ ಓದುಗರು)

ಉತ್ತರ: ಮೊದಲು ಅಲ್ಲಿ ಏನು ಮಾಡುತ್ತಾರೆ ಅಂತ ಕೇಳಿ. ಒಣ ಕಸ ಬೇರೆ ಮಾಡಿ ಮಾರುವ ಶೆಡ್ ಬೇರೆ, ಎಲ್ಲಾ ತಂದು ಸುರಿಯುವ ಜಾಗ ಬೇರೆ. ಸುರಿದು ಹೂಳುವ ಜಾಗವಾದರೆ ಖಂಡಿತ ವಿರೋಧಿಸಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಅಂಥ ಜಾಗ ವಸತಿಯಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು ಅಂತ ಇತ್ತು. ಶೆಡ್ ಮಾತ್ರ ಆದರೆ ಸ್ವಲ್ಪ ಯೋಚಿಸಿ. ನಿಮ್ಮೂರಿನ ಕಸ ಎಲ್ಲಾದರೂ ಹೋಗಲೇಬೇಕು. ಈಗ ಅದು ಹಳ್ಳಕ್ಕೆ, ಕೆರೆ ಏರಿಗೆ ಹೋಗುತ್ತಿರಬಹುದು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸ್ವಚ್ಛ ವಾಹಿನಿ (ಕಸದ ಗಾಡಿ) ಓಡಿಸಿಕೊಂಡು ಮನೆ ಮುಂದೆ ಬರುವ ಪಂಚಾಯಿತಿಗಳು ಈಗ ತುಂಬಾ ಇವೆ. ಅವರಿಗೆ ನಾವು ಊಟದ ಎಂಜಲು, ಡೈಪರ್, ಪ್ಲಾಸ್ಟಿಕ್ ಎಲ್ಲಾ ಒಂದೇ ಚೀಲದಲ್ಲಿ ಕೊಟ್ಟರೆ ಯಾವ ಶೆಡ್ ಆದರೂ ನಾರುತ್ತದೆ. ಬೇರೆ ಜಾಗ ತೋರಿಸಿಯೇ ಆಕ್ಷೇಪಣೆ ಬರೆಯಿರಿ, ಸರ್ವೆ ನಂಬರ್ ಸಮೇತ. ಶಾಲೆಯ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಸಹಿಯೂ ಇರಲಿ. ಜಾಗ ಮಂಜೂರಾಗಿ ಗುದ್ದಲಿ ಪೂಜೆ ಆಗುವ ಮೊದಲು ಕೊಡಿ.