‘ನಾನು ಸುಖವಾಗಿರಲಿ’ ಎನ್ನಲು ನನಗೆ ಎರಡು ವರ್ಷ ಬೇಕಾಯಿತು

ನಿಮ್ಮ ಪ್ರಶ್ನೆ ಇಷ್ಟು: ಉಡುಪಿಯಲ್ಲಿ ಕೆಲಸ, ವಯಸ್ಸು 31. ಅಪ್ಪ ಹೋದ ಮೇಲೆ ಎಲ್ಲವೂ ಸಪ್ಪೆ. ಒಳಗಿನ ಸಂತೋಷ ಅಂತಾರಲ್ಲ, ಅದು ಸಿಗುತ್ತಿಲ್ಲ. ಬೌದ್ಧ ಧ್ಯಾನಕ್ಕೆ ಹೋಗಲಾ, ಮಂತ್ರ ಜಪಿಸಲಾ, ಸೈಕೋಥೆರಪಿಗೆ ಹೋಗಲಾ?

ಮೂರನ್ನೂ ಮಾಡಿದವಳು ನಾನು. ಮಂಗಳೂರಿನವಳು, ಬ್ಯಾಂಕಿನಲ್ಲಿ ಕೆಲಸ, ಈಗ 48. ಮೊದಲು ಥೆರಪಿಗೆ ಹೋಗಿ ಅಂತ ಹೇಳುತ್ತೇನೆ. ನಾನು ಉಲ್ಟಾ ಹೋಗಿದ್ದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ಸ್ವಲ್ಪ ನನ್ನ ಕಥೆಯನ್ನೇ ಹೇಳಬೇಕು.

2016ರ ಮಾರ್ಚ್ 31. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಕ್ಲೋಸಿಂಗ್. ಮೊಬೈಲ್ ಸೈಲೆಂಟ್ ಮಾಡಿ ಡ್ರಾಯರ್ ಒಳಗೆ ಇಟ್ಟಿದ್ದೆ. ತೆಗೆದು ನೋಡಿದಾಗ ಪಕ್ಕದ ಮನೆಯ ಬಾಯಮ್ಮನಿಂದ 11 ಮಿಸ್ಡ್ ಕಾಲ್. ಅಮ್ಮನಿಗೆ ಎದೆನೋವು ಬಂದಿತ್ತು. ನಾನು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಆಮೇಲೆ ಅಳು ಬರಲಿಲ್ಲ. ಕೆಲಸ ನಡೆಯಿತು, ಊಟ ನಡೆಯಿತು. ಚಿಂತೆಗೆ ನಮ್ಮ ಕಡೆ ಮಂಡೆಬಿಸಿ ಅಂತಾರಲ್ವಾ, ನನ್ನ ಮಂಡೆ ತಣ್ಣಗೇ ಇತ್ತು. ಏನೂ ಅನ್ನಿಸುತ್ತಿರಲಿಲ್ಲ. ಇಷ್ಟವಾದ ಮೀನು ಸಾರು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ.

ಸಹೋದ್ಯೋಗಿಯೊಬ್ಬರು ವಿಪಸ್ಸನಾ ಎಂಬ ಬೌದ್ಧ ಧ್ಯಾನದ ಬಗ್ಗೆ ಹೇಳಿದರು. ಡಿಸೆಂಬರ್‌ನಲ್ಲಿ ರಜೆ ಹಾಕಿ 10 ದಿನದ ಶಿಬಿರಕ್ಕೆ ಹೋದೆ. ಬೆಳಗ್ಗೆ 4ಕ್ಕೆ ಗಂಟೆ, ಪೂರ್ತಿ ಮೌನ, ಮೊದಲ ಮೂರು ದಿನ ಬರೀ ಉಸಿರು ಗಮನಿಸುವುದು. ಅದಕ್ಕೆ ಆನಾಪಾನ ಅಂತಾರೆ. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನೇನು ಅನ್ನಿಸುತ್ತದೆ ಎಂದು ನೋಡುವುದು. ಬಂದದ್ದನ್ನು ತಳ್ಳಬಾರದು, ಹಿಡಿದುಕೊಳ್ಳಲೂಬಾರದು. ಶುಲ್ಕ ಇಲ್ಲ. ಮುಗಿದ ಮೇಲೆ ಇಷ್ಟ ಇದ್ದವರು ದಾನ ಕೊಡಬಹುದು. ಇದನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದವರು ಎಸ್. ಎನ್. ಗೋಯೆಂಕಾ. ಮೈಗ್ರೇನ್ ತಲೆನೋವಿಗೆ ಪರಿಹಾರ ಹುಡುಕುತ್ತಾ ಅವರು ಹೋದದ್ದು ಸಯಾಜಿ ಊ ಬಾ ಖಿನ್ ಬಳಿಗೆ. ಆ ಗುರು ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಇಡೀ ದಿನ ಲೆಕ್ಕಪತ್ರದಲ್ಲಿ ಮುಳುಗಿದ್ದ ಮನುಷ್ಯ ಧ್ಯಾನವನ್ನೂ ಕಲಿಸುತ್ತಿದ್ದರು ಎಂದು ಕೇಳಿ ನನಗೆ ತುಂಬಾ ಹತ್ತಿರದವರು ಅನ್ನಿಸಿತ್ತು.

ಆರನೇ ದಿನ ನಾನು ಕುಸಿದೆ. ಅಳು ಶುರುವಾಯಿತು, ನಿಲ್ಲಲೇ ಇಲ್ಲ. ಆಚಾರ್ಯರು ಕರೆದು ಮೆತ್ತಗೆ ಮಾತಾಡಿಸಿದರು. ತಪ್ಪು ನನ್ನದು. ಅರ್ಜಿಯಲ್ಲಿ ಮಾನಸಿಕ ತೊಂದರೆ, ಔಷಧಿ ಬಗ್ಗೆ ಸ್ಪಷ್ಟವಾಗಿ ಕೇಳುತ್ತಾರೆ. ನಾನು ಅಮ್ಮನ ವಿಷಯ ಮುಚ್ಚಿಟ್ಟು ‘ಏನೂ ಇಲ್ಲ’ ಎಂದು ಬರೆದಿದ್ದೆ. ನೀವು ಎಂದಾದರೂ ಹೋದರೆ ದಯವಿಟ್ಟು ನಿಜ ಬರೆಯಿರಿ.

ಹತ್ತನೇ ದಿನ ಮೌನ ಬಿಡಿಸುತ್ತಾರೆ, ಮೆತ್ತಾ ಭಾವನಾ ಹೇಳಿಕೊಡುತ್ತಾರೆ. ಮೆತ್ತಾ ಎಂದರೆ ಮೈತ್ರಿ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮನಸಾರೆ ಬಯಸುವುದು. ಬೌದ್ಧರ ಹಳೆಯ ಪದ್ಧತಿಯಲ್ಲಿ ಇದು ತನ್ನಿಂದಲೇ ಶುರುವಾಗುತ್ತದೆ. ಮೊದಲು ‘ನಾನು ಸುಖವಾಗಿರಲಿ’, ಆಮೇಲೆ ಉಳಿದವರು. ಎಲ್ಲರೂ ಸುಖವಾಗಿರಲಿ ಎನ್ನಲು ನನಗೆ ಕಷ್ಟವೇ ಆಗಲಿಲ್ಲ. ‘ನಾನು’ ಬಂದಾಗ ಗಂಟಲು ಕಟ್ಟಿತು. ಅಮ್ಮನಿಗಾದರೂ ಹೇಳೋಣ ಎಂದು ನೋಡಿದೆ. ಕಣ್ಣೆದುರು ಬಂದದ್ದು ಡ್ರಾಯರ್ ಮಾತ್ರ.

(ಎಷ್ಟೋ ಸಮಯದ ನಂತರ ಗೊತ್ತಾಯಿತು, ಐದನೇ ಶತಮಾನದ ಬುದ್ಧಘೋಷರು ತಮ್ಮ ‘ವಿಶುದ್ಧಿಮಗ್ಗ’ದಲ್ಲಿ ಇದನ್ನೇ ಹೇಳಿದ್ದಾರೆ. ತೀರಿಹೋದವರನ್ನು ಇಟ್ಟುಕೊಂಡು ಮೆತ್ತಾ ಮಾಡಿದರೆ ಅದು ಕೂಡಿಬರುವುದಿಲ್ಲವಂತೆ. ಗುರುವಿನ ಮೇಲೆ ಮೆತ್ತಾ ಮಾಡಲು ಹೋಗಿ ಆಗದೆ ಒದ್ದಾಡಿದ ಭಿಕ್ಷುವಿನ ಕಥೆಯೂ ಅದರಲ್ಲಿದೆ. ಆ ಗುರು ಅಷ್ಟರಲ್ಲಿ ತೀರಿಕೊಂಡಿದ್ದರು. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಎಂದರೆ ಹೇಳಲಿಕ್ಕೆ ಆಗುವುದಿಲ್ಲ.)

ಊರಿಗೆ ಬಂದು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂತೆ. ಎರಡು ತಿಂಗಳಲ್ಲಿ ಇನ್ನೂ ತಣ್ಣಗಾದೆ. ಅದನ್ನೇ ಸಮಚಿತ್ತ ಎಂದುಕೊಂಡಿದ್ದೆ. ನಿಜಕ್ಕೂ ಮರಗಟ್ಟಿದ್ದೆ. ಬುದ್ಧಘೋಷರು ಇದನ್ನೂ ಗುರುತಿಸಿದ್ದಾರೆ: ಉಪೇಕ್ಷೆ (ಬೌದ್ಧರಲ್ಲಿ ಇದಕ್ಕೆ ಸಮಚಿತ್ತ ಎಂದೇ ಅರ್ಥ) ಎಂಬ ಒಳ್ಳೆಯ ಗುಣಕ್ಕೆ ಹತ್ತಿರದ ವೈರಿ ಒಂದಿದೆ, ನೋಡಲಿಕ್ಕೆ ಅದರ ಹಾಗೆಯೇ ಇರುತ್ತದೆ, ಅದೇ ಏನೂ ತಟ್ಟದ ಜಡತನ. ನಿಮ್ಮ ‘ಎಲ್ಲವೂ ಸಪ್ಪೆ’ ಎಂಬ ಮಾತು ಓದಿದಾಗ ನನಗೆ ನೆನಪಾದದ್ದು ಆ ಎರಡು ತಿಂಗಳು. ಈ ಸ್ಥಿತಿಯಲ್ಲಿ ಒಬ್ಬರೇ ಕಣ್ಣು ಮುಚ್ಚಿ ಕೂತರೆ ಅದು ಇನ್ನೂ ಗಟ್ಟಿಯಾಗಬಹುದು.

ಥೆರಪಿಯಲ್ಲೂ ಮೊದಲ ಸಲವೇ ಸರಿಹೋಗಲಿಲ್ಲ. ಮೊದಲು ಹೋದ ಕಡೆ ‘ಪಾಸಿಟಿವ್ ಆಗಿರಿ ಮೇಡಂ’ ಎಂದು ಹದಿನೈದು ನಿಮಿಷದಲ್ಲಿ ಕಳುಹಿಸಿದರು. ಮತ್ತೆ ಹೋಗಲಿಲ್ಲ. ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ವಾರಕ್ಕೊಮ್ಮೆ, ಸುಮಾರು ಒಂದು ಗಂಟೆ. ಮೂರನೇ ವಾರ ಮೆತ್ತಾ ವಿಷಯ ಬಾಯಿಗೆ ಬಂತು. ಅವರು ಕೇಳಿದ್ದು ಒಂದೇ: “ಆ ಮಾತು ಹೇಳಿಬಿಟ್ಟರೆ ಏನಾಗುತ್ತೆ ಅಂತ ಭಯ?”

ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಹೇಳಿದೆ: “ಅಮ್ಮನನ್ನು ಅಲ್ಲೇ ಬಿಟ್ಟು ಬಂದ ಹಾಗೆ ಆಗುತ್ತೆ.”

ಇಷ್ಟು ಗೊತ್ತಾಗಲಿಕ್ಕೆ ಎದುರಿಗೆ ಒಬ್ಬರು ಕೂತಿರಬೇಕಾಯಿತು. ಧ್ಯಾನದಲ್ಲಿ ಗಂಟಲು ಕಟ್ಟಿದ್ದು ನನಗೆ ಕಾಣುತ್ತಿತ್ತು, ಯಾಕೆ ಕಟ್ಟಿದೆ ಎಂದು ಕೇಳುವವರು ಇರಲಿಲ್ಲ. ಅವರು ಮಾಡಿಸಿದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ವಿಧಾನ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ್ದು. ತಲೆಯಲ್ಲಿ ತಾನಾಗಿ ಓಡುವ ಮಾತನ್ನು ಕಾಗದಕ್ಕೆ ಇಳಿಸಿ, ಅದು ನಿಜವಾ ಎಂದು ಪರೀಕ್ಷೆ ಮಾಡುವುದು. ನನ್ನ ಮಾತು ‘ನನಗೆ ಗೊತ್ತಾಗಬೇಕಿತ್ತು’ ಎಂದು. ಆ ದಿನವನ್ನು ಗಂಟೆ ಗಂಟೆಯಾಗಿ ಬರೆಸಿದರು. 4 ಗಂಟೆಗೆ ನಿಮಗೆ ಏನು ಗೊತ್ತಿತ್ತು? 5 ಗಂಟೆಗೆ? ಕೊನೆಯ ಒಂದು ಗಂಟೆ ನನ್ನ ಕಾಗದದಲ್ಲಿ ಖಾಲಿ ಇತ್ತು. “ಬಾಯಮ್ಮನನ್ನು ಕೇಳಿ ಬನ್ನಿ” ಎಂದರು.

ಒಂದು ವರ್ಷವಾದರೂ ನಾನು ಕೇಳಿರಲಿಲ್ಲ ನೋಡಿ. ಬೇಲಿಯ ಆಚೆ ಮನೆ. ದಿನಾ ನೋಡುವ ಮುಖ.

ಬಾಯಮ್ಮ ಚಹಾ ಇಟ್ಟು ಎಲ್ಲ ಹೇಳಿದರು. ಆಟೋದಲ್ಲಿ ಅಮ್ಮ ಮಾತಾಡುತ್ತಲೇ ಇದ್ದರಂತೆ. ಬಾಯಮ್ಮ ನನಗೆ ಮತ್ತೆ ಮತ್ತೆ ಫೋನ್ ಮಾಡುವುದನ್ನು ನೋಡಿ, “ಅವಳಿಗೆ ಇವತ್ತು ಕ್ಲೋಸಿಂಗ್, ಎತ್ತಲಿಕ್ಕಿಲ್ಲ. ಪಾಪ, ಗಡಿಬಿಡಿ ಮಾಡಬೇಡಿ” ಎಂದರಂತೆ.

ಅಮ್ಮನಿಗೆ ಗೊತ್ತಿತ್ತು.

ಆ ಸಂಜೆ ಕಣ್ಣು ಮುಚ್ಚಿ ಕೂರಲು ಆಗಲಿಲ್ಲ. ಬರೀ ಉಸಿರಿನ ಜೊತೆ ಇರುವ ಧೈರ್ಯ ಇರಲಿಲ್ಲ. ಜಪ ನನ್ನ ಕೈ ಹಿಡಿದದ್ದು ಆಗ. ನಾವು ಚಿಕ್ಕವರಿದ್ದಾಗ ಮುಸ್ಸಂಜೆ ದೀಪ ಹಚ್ಚಿ ಭಜನೆಗೆ ಕೂರದೆ ಊಟ ಇರಲಿಲ್ಲ. ಅದೇ ಹೊತ್ತಿಗೆ ಬಾಯಮ್ಮನ ಮನೆಯಿಂದ ತೇರ್ಸ್ ಕೇಳುತ್ತಿತ್ತು, ಕ್ರೈಸ್ತರ ಮನೆಗಳಲ್ಲಿ ಮಣಿಸರ ಹಿಡಿದು ಮನೆಮಂದಿ ಎಲ್ಲ ಒಟ್ಟಿಗೆ ಹೇಳುವ ಪ್ರಾರ್ಥನೆ. ಬಾಯಿಗೆ ಒಂದು ಕೆಲಸ ಕೊಟ್ಟರೆ ಮನಸ್ಸು ಅದರ ಬೆನ್ನು ಹಿಡಿಯುತ್ತದೆ ಎಂದು ನಮ್ಮ ಕರಾವಳಿಯ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ನಾನು ಹಿಡಿದದ್ದು ‘ಓಂ ಮಣಿ ಪದ್ಮೇ ಹೂಂ’. ಸುಳ್ಯ, ಮಡಿಕೇರಿ ದಾಟಿ ಕುಶಾಲನಗರದ ಹತ್ತಿರದ ಬೈಲಕುಪ್ಪೆಗೆ ಹೋಗಿದ್ದೆ. ಟಿಬೆಟಿನಿಂದ ಬಂದವರಿಗೆ 1961ರಲ್ಲಿ ಅಲ್ಲಿ ನೆಲೆ ಆಯಿತು. ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಮೂರ್ತಿಗಳನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನನಗೆ ನೆನಪಿರುವುದು ಹೊರಗೆ ಮಣಿ ಎಣಿಸುತ್ತಾ, ಅದೇ ಮಂತ್ರ ಗುನುಗುತ್ತಾ ನಿಧಾನಕ್ಕೆ ಸುತ್ತು ಹಾಕುತ್ತಿದ್ದ ಒಬ್ಬ ಅಜ್ಜಿ. ಅದು ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಮಂತ್ರ. ಅವನ ಇನ್ನೊಂದು ಹೆಸರು ಲೋಕೇಶ್ವರ ಎಂದು ಕೇಳಿ ಮೈ ಜುಂ ಎಂದಿತು. ನಮ್ಮ ಕದ್ರಿ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಕಂಚಿನ ಮೂರ್ತಿ ಅವನದೇ! ಆಳುಪ ಅರಸ ಕುಂದವರ್ಮ 968ರಲ್ಲಿ ಅಲ್ಲಿನ ವಿಹಾರದಲ್ಲಿ ಅದನ್ನು ಸ್ಥಾಪಿಸಿದ ಎಂದು ಪೀಠದ ಶಾಸನದಲ್ಲಿದೆ. ಅಮ್ಮ ನನ್ನನ್ನು ಕೈ ಹಿಡಿದು ಅದೆಷ್ಟು ಸಲ ಅವನ ಎದುರು ನಿಲ್ಲಿಸಿದ್ದರು.

ಇದರ ಹಿಂದೆ ದೇಹದ ಲೆಕ್ಕವೂ ಇದೆ. 2001ರಲ್ಲಿ ಇಟಲಿಯ ಸಂಶೋಧಕರು ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಮತ್ತು ಈ ಮಣಿ ಮಂತ್ರ ಎರಡನ್ನೂ ಪರೀಕ್ಷೆ ಮಾಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಹೃದಯದ ಲಯಕ್ಕೂ ಅದರಿಂದ ಒಳ್ಳೆಯದಾಯಿತು. ಅಂದರೆ ಬಾಯಮ್ಮನ ತೇರ್ಸ್, ನನ್ನ ಜಪ ಎರಡೂ ಮೈಯನ್ನು ಒಂದೇ ಕಡೆ ಕರೆದುಕೊಂಡು ಹೋಗುತ್ತಿದ್ದವು. ನನ್ನ ಗೆಳತಿಯೊಬ್ಬಳು ಜಪಾನಿನ ನಿಚಿರೆನ್ ಬೌದ್ಧ ಪಂಥದ ‘ನಮ್ ಮ್ಯೋಹೋ ರೆಂಗೆ ಕ್ಯೋ’ ಹೇಳುತ್ತಾಳೆ. ನಿಮ್ಮ ನಾಲಿಗೆಗೆ ಯಾವುದು ಒಗ್ಗುತ್ತದೋ ಅದನ್ನು ಹೇಳಿ.

ಸುಮಾರು ಒಂದು ವರ್ಷ ಥೆರಪಿಗೆ ಹೋದೆ. ಧ್ಯಾನ ಬಿಡಲಿಲ್ಲ, ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಎರಡೂ ಒಟ್ಟಿಗೆ ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ. ಖಿನ್ನತೆ ಪದೇ ಪದೇ ಬರುವವರಿಗೆಂದು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಧ್ಯಾನವನ್ನೂ ಸಿಬಿಟಿಯನ್ನೂ ಸೇರಿಸಿ 8 ವಾರಗಳ ಚಿಕಿತ್ಸೆಯನ್ನೇ ರೂಪಿಸಿದ್ದಾರೆ.

2018ರ ಜೂನ್. ಮಳೆ ಜೋರು. ಬಸ್ ಸ್ಟಾಪಿನಲ್ಲಿ ಒಬ್ಬಳು ಕಾಲೇಜು ಹುಡುಗಿ, ಅವಳ ಅಮ್ಮ. ಒಂದೇ ಕೊಡೆ, ಅದೂ ಗಾಳಿಗೆ ಮೇಲೆ ಮಡಚಿಕೊಂಡಿತು. ಇಬ್ಬರೂ ಪೂರ್ತಿ ಒದ್ದೆಯಾಗಿ ಹೊಟ್ಟೆ ಹಿಡಿದು ನಗುತ್ತಿದ್ದರು. ಅಷ್ಟು ದಿನ ಅಮ್ಮ ಮಗಳನ್ನು ಒಟ್ಟಿಗೆ ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಆ ದಿನ ನೋಡುತ್ತಾ ನಿಂತೆ. ಹೊಟ್ಟೆಯಿಂದ ಬೆಚ್ಚಗೆ ಏನೋ ಮೇಲೆ ಬಂತು. ಇವರು ಹೀಗೆಯೇ ಇರಲಿ ಅನ್ನಿಸಿತು. ಇನ್ನೊಬ್ಬರ ಖುಷಿಯಲ್ಲಿ ಖುಷಿಪಡುವುದಕ್ಕೆ ಬೌದ್ಧರಲ್ಲಿ ಮುದಿತಾ ಎಂಬ ಹೆಸರೇ ಇದೆ. ನನಗೆ ಆ ಹೊತ್ತಿಗೆ ಹೆಸರು ಹೊಳೆಯಲಿಲ್ಲ. ಬಸ್ ಹತ್ತಿ ಕೂತ ಮೇಲೆ ನೋಡಿದರೆ ತುಟಿ ತಾನಾಗಿ ಹೇಳುತ್ತಿತ್ತು: ನಾನು ಸುಖವಾಗಿರಲಿ.

ಈಗ ನಿಮ್ಮ ವಿಷಯ. ಮಣಿಪಾಲ ನಿಮಗೆ ಹತ್ತಿರ. ಅಲ್ಲಿನ ಕೆಎಂಸಿ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವೂ ಇದೆ, ಕ್ಲಿನಿಕಲ್ ಸೈಕಾಲಜಿಯೂ ಇದೆ. ಮೊದಲು ಸಿಕ್ಕವರು ಸರಿಹೋಗದಿದ್ದರೆ ಇನ್ನೊಬ್ಬರನ್ನು ಹುಡುಕಿ, ನನ್ನ ಹಾಗೆ ತಿಂಗಳುಗಟ್ಟಲೆ ಸುಮ್ಮನಿರಬೇಡಿ. ಮಾತ್ರೆ ಕೊಟ್ಟರೆ ಧ್ಯಾನದ ನಂಬಿಕೆಯ ಮೇಲೆ ನೀವೇ ನಿಲ್ಲಿಸಬೇಡಿ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಇವತ್ತೇ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸೇವೆ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಜೆ ಹತ್ತು ನಿಮಿಷ ಜಪವನ್ನು ಇವತ್ತಿನಿಂದಲೇ ಶುರು ಮಾಡಬಹುದು. 10 ದಿನದ ಶಿಬಿರ ಮಾತ್ರ ಈಗ ಬೇಡ. ಥೆರಪಿಸ್ಟ್ ಹತ್ತಿರ ಕೇಳಿ, ಅವರು ಸರಿ ಎಂದ ಮೇಲೆ ಹೋಗಿ.

ಇನ್ನೊಂದು. ಇಷ್ಟು ಉದ್ದದ ಪ್ರಶ್ನೆಯಲ್ಲಿ ಅಪ್ಪನ ಬಗ್ಗೆ ನೀವು ಬರೆದದ್ದು ಮೂರೇ ಪದ: ‘ಅಪ್ಪ ಹೋದ ಮೇಲೆ’. ಮೊದಲ ದಿನ ಥೆರಪಿಸ್ಟ್ ಎದುರು ಹೋಗಿ ಕೂತಾಗ ಅದರಿಂದಲೇ ಶುರು ಮಾಡಿ.